ನೂರಿಯ ಎಡಗಡೆ

೩ ಅಕ್ಟೋಬರ್ ೧೯೬೮, ಗುರುವಾರ

ಮಗಳು ಹಸೀನಾಳ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಅರ್ಧದಷ್ಟು ಹಾಳೆ ಖಾಲಿ ಇದ್ದವು. ಅದರಲ್ಲಿ ಬರೆಯುತ್ತಿದ್ದೇನೆ. ಯಾರಾದರೂ ಓದಿಯಾರು ಎಂಬ ಭಯವಿಲ್ಲ. ಮನೆಯಲ್ಲಿ ನಾವು ಆಡುವುದು ಅರ್ಧ ದಖನಿ, ಅರ್ಧ ಕನ್ನಡ. ಆದರೆ ಇವರಿಗೆ ಓದಲು ಬರುವುದು ಉರ್ದು ಮಾತ್ರ, ಮಗಳು ಹೋಗುವುದು ಹಿಂದಿ ಶಾಲೆಗೆ. ವಿಜಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಆರನೆಯ ಇಯತ್ತೆಯವರೆಗೆ ಕಲಿತ ಈ ಅಕ್ಷರ ಈ ಮನೆಯಲ್ಲಿ ನನ್ನೊಬ್ಬಳದೇ.

ಇವರು ಎಂದರೆ ನನ್ನ ಗಂಡ. ಹೆಸರು ಹೇಳಬಾರದು ಅನ್ನುತ್ತಾರೆ, ಬರೆಯಬಾರದೆಂದು ಯಾರೂ ಹೇಳಿಲ್ಲ. ಚಮನಸಾಬ.

ನಡೆದದ್ದು ಇಷ್ಟು. ಹದಿನೈದು ದಿನದ ಹಿಂದೆ ಸಾಂತಾಕ್ರೂಜ್ ಸ್ಟೇಷನ್ನಿನಿಂದ ಖಾಲಿ ಟಾಂಗಾ ಹೊಡೆದುಕೊಂಡು ಬರುವಾಗ ನಾಕಾದಲ್ಲಿ, ನಾಲ್ಕು ರಸ್ತೆ ಕೂಡುವ ಕಡೆ, ಲಾರಿ ಬಡಿಯಿತು. ಹಾರ್ನಿಗೆ ಬೆದರಿ ಕುದುರೆ ಅಡ್ಡ ಹೋಯಿತು ಎಂದು ಇವರು ಹೇಳುತ್ತಾರೆ. ಇವರ ಎಡಗಾಲು ಎರಡು ಕಡೆ ಮುರಿದು ತೊಡೆಯಿಂದ ಬೆರಳಿನವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಟಾಂಗಾ ಉರುವಲಾಯಿತು. ನಮ್ಮ ಕುದುರೆ ನೂರಿ ಗಾಡಿಯ ಮುರಿದ ಮೂಕಿಮರವನ್ನು ಎಳೆದುಕೊಂಡೇ ಚಾಳಿನ ಹಿಂದೆ ಅವಳನ್ನು ಕಟ್ಟುವ ತಬೇಲಾದವರೆಗೆ ಓಡಿ ಬಂದಳು. ಮೈಮೇಲಿನ ಗಾಯ ಒಣಗಿದೆ. ಆದರೆ ಅಂದಿನಿಂದ ಬಾಗಿಲು ದಾಟುತ್ತಿಲ್ಲ. ನೆತ್ತಿಯ ಮೇಲೆ ವಿಮಾನ ಹಾರಿದರೂ ಕಿವಿ ಅಲ್ಲಾಡಿಸದಿದ್ದವಳು ಈಗ ಬಕೆಟ್ ಇಟ್ಟ ಸದ್ದಿಗೆ ನಡುಗುತ್ತಾಳೆ.

ಇವತ್ತು ಧಾರಾವಿಯಿಂದ ಒಬ್ಬ ಗಾಡಿಯವನು ಅವಳನ್ನು ಕೊಳ್ಳಲೆಂದು ನೋಡಲು ಬಂದಿದ್ದ. ಹಸಿ ಚರ್ಮದ ಮೂಟೆ ಎಳೆಸಲು ಬೇಕಂತೆ. "ಕಣ್ಣು ಕಟ್ಟಿ ನಾಲ್ಕು ಬಾರಿಸಿದರೆ ಹೆದರಿಕೆ ತಾನೇ ಹೋಗ್ತದೆ" ಎಂದ. ಇವರು ಆಮೇಲೆ ಹೇಳಿಕಳಿಸುತ್ತೇನೆ ಎಂದರು.

ಔಷಧಿ ತರಲು ಪಕ್ಕದ ಖೋಲಿಯ ವಾರಿಜಾಳನ್ನು ಕಳಿಸಿದೆ. ಅಂಗಡಿ ನಾಕಾದ ಆಚೆ ಇದೆ, ನನಗೆ ಅತ್ತ ಕಡೆ ಗೊತ್ತಾಗುವುದಿಲ್ಲ, ಒಬ್ಬಳೇ ಎಂದೂ ದಾಟಿಲ್ಲ.

೬ ಅಕ್ಟೋಬರ್, ಭಾನುವಾರ

ಚೆನ್ನಯಣ್ಣ ಬಂದಿದ್ದರು. ವಾರಿಜಾಳ ದೂರದ ಸಂಬಂಧಿ, ಉಡುಪಿ ಕಡೆಯವರು. ಬೊರಿವಲಿ ಸ್ಟೇಷನ್ನಿನ ಎದುರಿಗೆ ಹೋಟೆಲು. ಅಲ್ಲಿಯ ಬೆಟ್ಟದ ಗುಹೆ ನೋಡಲು ಬರುವವರಿಗಾಗಿ ಎರಡು ಟಾಂಗಾ ಇಟ್ಟಿದ್ದಾರೆ, ಒಂದರ ಕುದುರೆಗೆ ವಯಸ್ಸಾಗಿದೆ. ನೂರಿಯ ವಿಷಯ ಅವರಿಗೆ ಮುಟ್ಟಿಸಿದ್ದು ವಾರಿಜಾಳೇ.

ಹಲ್ಲು ನೋಡಿದರು. ಗೊರಸು ಎತ್ತಿ ನೋಡಿದರು. ಕತ್ತಿನ ಮೇಲೆ ಕೈಯಾಡಿಸಿದಾಗ ಮೆಚ್ಚಿದ್ದು ಮುಖದಲ್ಲೇ ಕಾಣುತ್ತಿತ್ತು. ಹೊರಗೆ ತರೋಣವೆಂದು ಹಗ್ಗ ಹಿಡಿದರೋ ಇಲ್ಲವೋ, ಗಲ್ಲಿಯಲ್ಲಿ ಯಾರದೋ ಸೈಕಲ್ ಗಂಟೆ ಕೇಳಿತು. ನೂರಿ ಹಿಂದಕ್ಕೆ ಜಗ್ಗಿ ತಗಡಿನ ಗೋಡೆಗೆ ಬಡಿದುಕೊಂಡಳು.

"ಒಳ್ಳೆ ಕುದುರೆ ಮಾರಾಯ್ರೆ," ಎಂದರು ಇವರ ಮಂಚದ ಹತ್ತಿರ ಕೂತು. "ಆದ್ರೆ ಇದ್ರ ಹಿಂದೆ ಮಕ್ಕಳುಮರಿಯನ್ನು ಕೂರಿಸುದು ಹೇಗೆ? ಸಂಕ್ರಾಂತಿವರೆಗೆ ನನ್ನ ಹಳೇದು ಎಳೀತದೆ. ಅಷ್ಟ್ರೊಳಗೆ ಇದು ರಸ್ತೆಯಲ್ಲಿ ನಡೀಲಿಕ್ಕೆ ಕಲಿತ್ರೆ ಬೊರಿವಲಿಗೆ ನಡೆಸಿಕೊಂಡೇ ಬನ್ನಿ. ಲಾರಿಯಲ್ಲಿ ಹಾಕಿ ತಂದ್ರೆ ನಂಗೆ ಬೇಡ."

ಅವರು ಹೋದ ಮೇಲೆ ಇವರು ಗೋಡೆ ಕಡೆ ಮುಖ ತಿರುಗಿಸಿದರು. "ನಡಸೋರು ಯಾರು?"

೮ ಅಕ್ಟೋಬರ್, ಮಂಗಳವಾರ

ನಿನ್ನೆ ರಾತ್ರಿ "ನಾ ನಡಸ್ತೀನ್ರಿ" ಎಂದುಬಿಟ್ಟೆ. ಬಾಯಿಂದ ಬಂದ ಮೇಲೆ ನನಗೇ ಗಾಬರಿ.

"ನೀನಾ? ಹೆಂಗಸು ಕುದುರಿ ಹಿಡಕೊಂಡು ಬಜಾರದಾಗ?"

"ಬಜಾರಕ್ಕಲ್ಲ. ಅಂಗಳದಾಗ."

"ತಲಿ ಕೆಟ್ಟದ ನಿಂದು. ತುಳಿದರ ಇಬ್ಬರೂ ಒಂದ ಮಂಚದ ಮ್ಯಾಲ ಬಿದ್ದಿರೂಣು."

ಬೇಡ ಎಂದು ಮಾತ್ರ ಹೇಳಲಿಲ್ಲ. ಬೆಳಕು ಹರಿಯುತ್ತಲೇ ಬುರ್ಖಾ ಹಾಕಿಕೊಂಡು ಹೋದೆ. ಬಾಗಿಲಿನಲ್ಲಿ ನೂರಿಯ ಎಡಗಡೆ, ಅವಳ ಹೆಗಲಿಗೆ ನನ್ನ ಹೆಗಲು ಸಮನಾಗಿ ನಿಂತೆ. ಹಾಗೆ ನಿಲ್ಲಬೇಕೆಂದು ನನಗೆ ಯಾರೂ ನೆನಪಿಸಬೇಕಾಗಲಿಲ್ಲ. ಅಬ್ಬಾ ನಬೀಸಾಬರು ವಿಜಾಪುರ ಸ್ಟೇಷನ್ನಿನಿಂದ ಗೋಲಗುಮ್ಮಟಕ್ಕೆ ಟಾಂಗಾ ಹೊಡೆಯುತ್ತಿದ್ದರು. ನನಗೆ ಎಂಟು ವರ್ಷವಿದ್ದಾಗಿನಿಂದ ಸಂಜೆ ಅವರ ಕುದುರೆಯನ್ನು ತಾಜಬಾವಡಿಗೆ ನೀರಿಗೆ ನಡೆಸಿಕೊಂಡು ಹೋಗುವ ಕೆಲಸ ನನ್ನದೇ. "ಮುಂದ ನಿಂತು ಎಳೀಬ್ಯಾಡ. ಹಿಂದ ನಿಂತು ಹೊಡೀಬ್ಯಾಡ. ಬಾಜೂಕ ನಡೀ. ಅದು ನಿಂತರ ನೀನೂ ನಿಲ್ಲು" ಅನ್ನುತ್ತಿದ್ದರು. ಹನ್ನೆರಡು ತುಂಬಿದ ದಿನ ಅಮ್ಮ ಕೈಯಿಂದ ಹಗ್ಗ ಕಸಿದುಕೊಂಡಳು. ಆಮೇಲೆ ಹಿಡಿದಿರಲಿಲ್ಲ.

ಇವತ್ತು ನೂರಿ ಒಂದು ಹೆಜ್ಜೆ ಇಟ್ಟಳು. ನಿಂತಳು. ನಾನೂ ನಿಂತೆ. ಬಹಳ ಹೊತ್ತು ನಿಂತೆವು. ಅವಳ ಉಸಿರು ಸಡಿಲವಾದ ಮೇಲೆ ಇನ್ನೊಂದು ಹೆಜ್ಜೆ. ಒಟ್ಟು ನಾಲ್ಕು.

೧೩ ಅಕ್ಟೋಬರ್, ಭಾನುವಾರ

ಅಂಗಳವನ್ನು ಎರಡು ಸುತ್ತು ಹಾಕಿದಳು. ನಲ್ಲಿಯ ಹತ್ತಿರ ಹೆಂಗಸರು ಕೊಡ ಇಟ್ಟು ನೋಡುತ್ತಾ ನಿಂತರು. ಮುಖ ಮುಚ್ಚಿದ್ದೆನಾದರೂ ಬೆವತುಹೋದೆ. ನೋಡುವವರು ಇಲ್ಲದ ಹೊತ್ತಿನಲ್ಲಿ ಹೋಗಬೇಕು. ವಾರಿಜಾ ಮಾತ್ರ "ಅಕ್ಕಾ, ನಿಮ್ಗೆ ಇದೆಲ್ಲ ಎಲ್ಲಿಂದ ಬರ್ತದೆ?" ಎಂದು ಕೇಳಿ ಬೆಲ್ಲದ ತುಂಡು ಕೊಟ್ಟಳು, ನೂರಿಗೆ.

ಬುರ್ಖಾದ ಅಂಚು ಎರಡು ಸಲ ಕಾಲಿಗೆ ತೊಡರಿತು.

೨೨ ಅಕ್ಟೋಬರ್, ಮಂಗಳವಾರ

ದೀಪಾವಳಿ ಎಂದು ನನಗೆ ನೆನಪಿರಬೇಕಿತ್ತು. ನಿನ್ನೆ ಬೆಳಿಗ್ಗೆ ಗಲ್ಲಿಯ ಬಾಯಿಯವರೆಗೆ ಬಂದಿದ್ದೆವು. ಪಟಾಕಿಯ ಸರ ಹಚ್ಚಿದರು. ನೂರಿ ಹಾರಿದಳು. ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದೆ. ಅಬ್ಬಾ ಎಂದೂ ಸುತ್ತಿಕೊಳ್ಳಬೇಡ ಎಂದಿದ್ದನ್ನು ಮರೆತು. ತಬೇಲಾದವರೆಗೂ ನನ್ನನ್ನು ಎಳೆದುಕೊಂಡು ಹೋದಳು. ಮೊಣಕೈ, ಮೊಳಕಾಲು ತರಚಿವೆ. ಬೆರಳು ಬಾತಿವೆ, ಪೆನ್ಸಿಲ್ ಹಿಡಿಯಲು ಕಷ್ಟ.

ಇವರು ನೋಡಿ, "ಧಾರಾವಿಯವಗ ಹೇಳಿಕಳಸ್ತೀನಿ" ಎಂದರು.

೨೪ ಅಕ್ಟೋಬರ್

ಹೋಗಲಿಲ್ಲ.

೨೬ ಅಕ್ಟೋಬರ್

ಇವತ್ತೂ ಹೋಗಲಿಲ್ಲ. ಹಸೀನಾ ನೀರು ಹುಲ್ಲು ಹಾಕಿ ಬಂದಳು. "ಅಮ್ಮೀ, ನೂರಿ ದರವಾಜಾ ಕಡೆ ದೇಖತೀ ಐತಿ" ಎಂದಳು. ಈ ಹುಡುಗಿಯ ಕನ್ನಡವೇ ಹೀಗೆ.

೩೦ ಅಕ್ಟೋಬರ್, ಬುಧವಾರ

ಮಧ್ಯಾಹ್ನ ಹಸೀನಾ ಶಾಲೆಯಲ್ಲಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಇವರು ಇದ್ದಕ್ಕಿದ್ದ ಹಾಗೆ, "ರಜಿಯಾ, ಒಲಿ ಆರಸು. ಇಲ್ಲಿ ಬಾ" ಎಂದರು.

ಬಂದು ಕೂತೆ. ನನ್ನ ಬಾತ ಬೆರಳುಗಳನ್ನು ನೋಡುತ್ತಾ, "ಅಕಿ ಬೆದರಿ ಅಡ್ಡ ಹೋಗಲಿಲ್ಲ" ಎಂದರು.

"ಯಾರು?"

"ನೂರಿ. ಲಾರಿ ಹಾರ್ನ್ ಹೊಡೀತು. ಅಕಿ ಸೀದಾ ಹೊಂಟಿದ್ಲು. ನಾ ಗಾಬರ್ಯಾಗಿ ಲಗಾಮು ಬಲಕ್ಕ ಜಗ್ಗಿದೆ. ನಾ ಜಗ್ಗಿದ ಕಡೆ ತಿರುಗಿದ್ಲು, ಪಾಪ. ನಾನ ಅಕೀನ್ನ ಲಾರಿ ಕೆಳಗ ಹಾಕಿದೆ. ಆಮ್ಯಾಲ ಎಲ್ಲಾರ ಮುಂದ ಅಕೀ ಮ್ಯಾಲ ಹಾಕಿದೆ."

ಹದಿನೆಂಟು ವರ್ಷದಿಂದ ಗಾಡಿ ಹೊಡೆದವರು. ಇವರ ಕಣ್ಣಿನಲ್ಲಿ ನೀರು ನೋಡಿದ್ದು ಹಸೀನಾಳಿಗಿಂತ ಮುಂಚೆ ಹುಟ್ಟಿದ ಕೂಸು ತೀರಿಹೋದಾಗ ಒಂದು ಸಲ, ಮತ್ತೆ ಇವತ್ತು.

"ಧಾರಾವಿಗೆ ಕೊಡೂದು ಬ್ಯಾಡ" ಎಂದರು. ಆಮೇಲೆ, "ಹಗ್ಗ ಕೈಗೆ ಸುತ್ತಬ್ಯಾಡ. ಮಡಚಿ ಹಿಡಿ. ಮತ್ತ ಆ ಬುರ್ಖಾ ಕಾಲಿಗೆ ತೊಡರತೈತಿ, ನನ್ನ ಖಾಕಿ ಕೋಟು ಹಾಕ್ಕೋ" ಎಂದರು.

ಸಂಜೆಯೇ ಹೋದೆ. ನೂರಿ ನನ್ನ ಮೊಣಕೈಯ ಪಟ್ಟಿಯನ್ನು ಮೂಸಿ ನೋಡಿದಳು.

೧೦ ನವೆಂಬರ್, ಭಾನುವಾರ

ಈಗ ದಿನಾ ಗಲ್ಲಿ ದಾಟಿ ಬಾವಿಯವರೆಗೆ, ಅಲ್ಲಿಂದ ತೆಂಗಿನ ವಾಡಿಯ ಪಕ್ಕದ ಮಣ್ಣು ದಾರಿಯಲ್ಲಿ. ಮದುವೆಯಾಗಿ ಬಂದ ೫೪ನೇ ಇಸವಿಯಲ್ಲಿ ಇಲ್ಲೆಲ್ಲ ಬರೀ ವಾಡಿಗಳು, ಹಂಚಿನ ಬಂಗಲೆಗಳು. ಇವರು ಸ್ಟೇಷನ್ನಿನಿಂದ ನನ್ನನ್ನು ಟಾಂಗಾದಲ್ಲಿ ಕೂರಿಸಿಕೊಂಡು ಬಂದಾಗ ದಾರಿಯುದ್ದಕ್ಕೂ ಗೊರಸಿನ ಸದ್ದೊಂದೇ ಕೇಳುತ್ತಿತ್ತು. ಮುಂಬಯಿ ಎಂದರೆ ಇಷ್ಟೇನಾ, ನಮ್ಮ ವಿಜಾಪುರದ ಹಾಗೇ ಇದೆಯಲ್ಲ ಎಂದು ಸಮಾಧಾನಪಟ್ಟಿದ್ದೆ. ಈಗ ಬಂಗಲೆ ಒಡೆದು ನಾಲ್ಕು ಮಾಳಿಗೆಯ ಬಿಲ್ಡಿಂಗ್ ಕಟ್ಟುತ್ತಿದ್ದಾರೆ. ಕಬ್ಬಿಣದ ಸರಳು ಇಳಿಸುವ ಸದ್ದಿಗೆ ನೂರಿ ನಿಂತಳು. ನಿಂತು ನೋಡಿದಳು. ನಾನು ಕಾದೆ. ಹೆದರಿದ್ದನ್ನು ಪೂರ್ತಿ ನೋಡಲು ಬಿಟ್ಟರೆ ಆಮೇಲೆ ತಾನೇ ನಡೆಯುತ್ತಾಳೆ.

ಇವತ್ತು ಮೊದಲ ಸಲ ದುಡಕಿ ಹಾಕಿಸಿದೆ. ಸಣ್ಣ ಓಟಕ್ಕೆ ಅಬ್ಬಾ ಹಾಗೆ ಅನ್ನುತ್ತಿದ್ದರು. ಶುಕ್ರವಾರ ಗಿರಾಕಿ ಇಲ್ಲದಾಗ ಕೋಟೆಗೋಡೆಯ ಪಕ್ಕ ಕುದುರೆಯ ಜೊತೆ ತಾವೂ ಓಡುತ್ತಿದ್ದರು, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಬಿಚ್ಚಿದ ರುಮಾಲು. ನಾನು ಹಿಂದೆ ಹಿಂದೆ. ಸಾಕಾಗಿ ಕೂತಾಗ ಸೊಂಟದ ವಸ್ತ್ರದಿಂದ ಜೋಳದ ರೊಟ್ಟಿ ಬಿಚ್ಚಿ ಮೂರು ಪಾಲು ಮಾಡುತ್ತಿದ್ದರು. ಮೊದಲ ಪಾಲು ಕುದುರೆಗೆ.

ನಾನು ಓಡಿ ಇಪ್ಪತ್ತು ವರ್ಷದ ಮೇಲಾಯಿತು. ಹತ್ತು ಹೆಜ್ಜೆಗೆ ಎದೆ ಹೊಡೆದುಕೊಂಡಿತು. ನೂರಿ ನನಗಾಗಿ ನಿಂತಳು.

೨೮ ನವೆಂಬರ್, ಗುರುವಾರ

ರಂಜಾನಿನ ಉಪವಾಸ ನಡೆದಿದೆ. ಬೆಳಗಿನ ಜಾವದ ಸಹರಿ ಊಟ ಮುಗಿಸಿ, ನಮಾಜು ಮಾಡಿ, ಬೆಳಕಾಗುತ್ತಲೇ ಹೊರಡುತ್ತೇನೆ.

ಇವತ್ತು ನಾಕಾ. ನೂರು ಮಾರು ದೂರದಲ್ಲೇ ನೂರಿಗೆ ಗೊತ್ತಾಯಿತು. ಕತ್ತು ನೀರು ಸುರಿದ ಹಾಗೆ ಒದ್ದೆ. ಒಂದು ಬಸ್ಸು ಹೋಯಿತು, ಹಾಲಿನ ಗಾಡಿ ಹೋಯಿತು, ಒಂದು ಲಾರಿಯೂ ಹೋಯಿತು. ನಾನು ಹಗ್ಗ ಬಿಗಿ ಮಾಡಲಿಲ್ಲ. ಹಗ್ಗದಲ್ಲಿ ನಮ್ಮ ಕೈಯ ಮಾತು ಅದಕ್ಕೆ ಕೇಳುತ್ತದಂತೆ. ನಾನು ಅಬ್ಬಾನ ಕುದುರೆಗೆ ಹೇಳುತ್ತಿದ್ದ ಶಾಲೆಯ ಪದ್ಯವನ್ನು ಹೇಳತೊಡಗಿದೆ. ಪಾನ್ ಅಂಗಡಿಯವನು ಎದ್ದು ನಿಂತು, ಬರುತ್ತಿದ್ದ ಟ್ಯಾಕ್ಸಿಯನ್ನು ಕೈ ಮಾಡಿ ತಡೆದ. "ಜಾವ್ ಬೆಹೆನ್" ಎಂದ. ದಾಟಿದೆವು. ಆಚೆ ಔಷಧಿ ಅಂಗಡಿ ತೆರೆದಿತ್ತು, ಇವರ ಗುಳಿಗೆ ತೆಗೆದುಕೊಂಡು ಬಂದೆ.

ನೂರಿಗೆ ಧೈರ್ಯ ಬರುತ್ತಿದೆ.

೨೨ ಡಿಸೆಂಬರ್, ಭಾನುವಾರ

ಈದ್. ಇವರ ಪ್ಲಾಸ್ಟರ್ ತೆಗೆದು ಒಂದು ವಾರವಾಯಿತು. ಕಾಲು ಕಟ್ಟಿಗೆಯಂತೆ ಸಣ್ಣಗಾಗಿದೆ, ಪಾದ ಪೂರ್ತಿ ಮಡಚುವುದಿಲ್ಲ. ಇನ್ನು ಗಾಡಿ ಹತ್ತಿ ಇಳಿಯುವುದು ಆಗಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದರು. ವಾರಿಜಾಳ ಗಂಡ ತಾನು ಕೆಲಸ ಮಾಡುವ ಹೋಟೆಲಿನಲ್ಲಿ ಕೂತು ಚೀಟಿ ಕೊಡುವ ಕೆಲಸ ಮಾತಾಡಿದ್ದಾನೆ. ಇವರು ಒಪ್ಪಿಕೊಂಡಿದ್ದಾರೆ.

ನಮಾಜು ಮುಗಿಸಿ ಊರುಗೋಲಿನ ಮೇಲೆ ಸೀದಾ ತಬೇಲಾಕ್ಕೆ ಹೋದರು. ಮೂರು ತಿಂಗಳಲ್ಲಿ ಮೊದಲ ಸಲ. ನಾನು ಶೀರ್‌ಖುರ್ಮಾದ ಬಟ್ಟಲು ಹಿಡಿದುಕೊಂಡು ಹೋದಾಗ ಒಳಗೆ ಹೋಗದೆ ಬಾಗಿಲಿನಲ್ಲೇ ನಿಂತಿದ್ದರು. ನೂರಿ ಕಿವಿ ನಿಮಿರಿಸಿದಳು. ಆಮೇಲೆ ನಡೆದು ಬಂದು ಇವರ ಎದೆಗೆ ಹಣೆ ಒತ್ತಿದಳು. ಊರುಗೋಲು ಜಾರಿತು, ಇವರು ಅವಳ ಜೂಲು ಹಿಡಿದುಕೊಂಡೇ ನಿಂತರು.

"ಮಾಫ್ ಮಾಡು ಬೇಟಿ" ಎಂದರು. ನಾನು ಕೇಳದವಳಂತೆ ಹಿಂದಕ್ಕೆ ಬಂದೆ.

೫ ಜನವರಿ ೧೯೬೯, ಭಾನುವಾರ

ಜುಹೂವರೆಗೆ ಹೋಗಿ ಬಂದೆವು. ಬರುವಾಗ ಮರಳಿನ ಮೇಲೆ ದುಡಕಿ, ನಿಲ್ಲದೆ. ಅಲೆಯ ಬುರುಗಿಗೆ ನೂರಿ ಮೂಗು ಫುರ್ ಎನಿಸಿದಳು. ಒಬ್ಬ ಮುದುಕ ತನ್ನ ಕುದುರೆಗೂ ನಡಿಗೆ ಕಲಿಸುವಿರಾ ಎಂದು ಕೇಳಿದ. ಏನು ಚೇಷ್ಟೆಯೋ! ಕಡಲಿಗೆ ಹಸೀನಾಳನ್ನೂ ಕರೆದುಕೊಂಡು ಹೋಗಬಹುದಿತ್ತು.

ಮುಂದಿನ ಭಾನುವಾರ ಬೊರಿವಲಿ. ಜೊತೆಗೆ ಯಾರು ಎಂದು ಇವರಿಗೆ ಚಿಂತೆ. ಹಸೀನಾ ಅಪ್ಪನ ಹತ್ತಿರ ಇರಬೇಕು. ವಾರಿಜಾಳಿಗೆ ಕೂಸಿದೆ. ಘೋಡಬಂದರ್ ರಸ್ತೆ ಹಿಡಿದು ಉತ್ತರಕ್ಕೆ ಮುಖ ಮಾಡಿ ನಡೆದರೆ ಬೊರಿವಲಿ ಬಂದೇ ಬರುತ್ತದೆ ಎಂದೆ.

೧೩ ಜನವರಿ, ಸೋಮವಾರ

ನಿನ್ನೆ ಬರೆಯಲಾಗಲಿಲ್ಲ. ಮನೆಗೆ ಬಂದು ಕೋಟು ಸಹ ತೆಗೆಯದೆ ಮಲಗಿಬಿಟ್ಟೆ. ಇವತ್ತು ಎಲ್ಲ ಬರೆದಿಡಬೇಕು.

ಸೂರ್ಯ ಹುಟ್ಟುವಾಗ ಹೊರಟೆವು. ಇವರು ಗಲ್ಲಿಯ ಬಾಯಿಯವರೆಗೆ ಬಂದರು, ನೂರಿಯ ಲಾಳ ನಾಲ್ಕನ್ನೂ ಎತ್ತಿಸಿ ನೋಡಿದರು. ವಾರಿಜಾ ಬಾಳೆಲೆಯಲ್ಲಿ ಕಡುಬು ಕಟ್ಟಿಕೊಟ್ಟಳು. ಹಸೀನಾ ಅತ್ತು ಜೂಲಿಗೆ ಹಸಿರು ರಿಬ್ಬನ್ ಕಟ್ಟಿದಳು.

ಪಾರ್ಲೆಯಲ್ಲಿ ರಸ್ತೆ ಇನ್ನೂ ತೊಳೆದ ಹಾಗಿತ್ತು. ಅಂಧೇರಿಯಲ್ಲಿ ಮಾರ್ಕೆಟ್ಟಿನ ನಡುವೆ ಹಾದೆವು. ತರಕಾರಿಯವಳು ಒಂದು ಗಜ್ಜರಿ ಕೊಟ್ಟು "ಬಾಯಿ, ಏಕಟೀಚ್ ಕಾ?" ಎಂದಳು. ಒಬ್ಬಳೇ ಎಲ್ಲಿ, ಇವಳಿದ್ದಾಳಲ್ಲ ಎಂದು ನೂರಿಯನ್ನು ತೋರಿಸಿದೆ.

ಜೋಗೇಶ್ವರಿ ದಾಟಿದ ಮೇಲೆ ರಸ್ತೆ ಕಿರಿದು. ಹಿಂದಿನಿಂದ ಲಾರಿ, ದೊಡ್ಡದು, ಹಾರ್ನ್ ಬಿಡದೆ ಒತ್ತುತ್ತಿತ್ತು. ನೂರಿ ನಿಂತಳು. ಮೈಯೆಲ್ಲ ಕಲ್ಲಾಯಿತು. ಒಂದು ಪಕ್ಕ ಚರಂಡಿ, ಒಂದು ಪಕ್ಕ ಲಾರಿ. ನಾನು ಹಗ್ಗ ಸಡಿಲ ಬಿಟ್ಟು ಅವಳ ಹೆಗಲಿಗೆ ಕೈಯಿಟ್ಟೆ. ಡ್ರೈವರ್ ಕಿಟಕಿಯಿಂದ ಬೈದ. "ಸಬರ್ ಕರೋ! ಜಾನವರ್ ಹೈ!" ಎಂದು ನಾನೂ ಕೂಗಿದೆ. ಅವನು ಸುಮ್ಮನಾದ. ನೂರಿ ತಲೆ ತಿರುಗಿಸಿ ಲಾರಿಯನ್ನು ಅದರ ಚಕ್ರ, ದೀಪ, ನಂಬರು ಎಲ್ಲ ಓದುವವಳಂತೆ ನೋಡಿದಳು. ಉಸಿರು ಬಿಟ್ಟಳು. ನಡೆದಳು. ಲಾರಿ ಪಕ್ಕದಲ್ಲೇ ಹೋಯಿತು.

ಗೋರೆಗಾಂವದ ಆಚೆ ರಸ್ತೆ ಬಯಲಾಯಿತು, ತಾಳೆಮರ, ಹುಲ್ಲುಗಾವಲು. ಗಾಳಿ ತಣ್ಣಗಿತ್ತು. ನಾನು ನಾಲಿಗೆ ಲೊಚ್ಚೆನಿಸಿದೆ, ದುಡಕಿ ಶುರುವಾಯಿತು. ಮಲಾಡಿನವರೆಗೂ ಓಡುವುದು, ನಡೆಯುವುದು, ಮತ್ತೆ ಓಡುವುದು. ಸೆರಗು ತಲೆಯಿಂದ ಜಾರಿ ಹೆಗಲಿಗೆ ಬಂದಿತ್ತು. ಒಂದು ಗಳಿಗೆ ನಾನು ಎಲ್ಲಿದ್ದೇನೆಂದೇ ಮರೆತು, ಮುಂದೆ ಅಬ್ಬಾ ಬಿಚ್ಚಿದ ರುಮಾಲು ಹಾರಿಸುತ್ತ ಓಡುತ್ತಿದ್ದಾರೆ ಅನ್ನಿಸಿತು. ಅವರು ತೀರಿಕೊಂಡಾಗ ನಾನು ಬಾಣಂತಿ, ಊರಿಗೆ ಹೋಗಲಾಗಿರಲಿಲ್ಲ. ಕಣ್ಣೀರು ಬಂತು, ಆದರೆ ಓಡುತ್ತಿದ್ದೆನಾದ್ದರಿಂದ ಗಾಳಿಗೆ ಒಣಗಿತು. ಕಾಂದಿವಲಿಯಲ್ಲಿ ಮರದ ಕೆಳಗೆ ಕೂತು ಕಡುಬು ತಿಂದೆವು. ಮೊದಲ ಪಾಲು ಅವಳಿಗೆ.

ಬೊರಿವಲಿ ತಲುಪಿದಾಗ ಮಧ್ಯಾಹ್ನದ ನಮಾಜಿನ ಹೊತ್ತು. ಚೆನ್ನಯಣ್ಣ ಗಲ್ಲಾದಿಂದ ಎದ್ದು ಹೊರಗೆ ಬಂದರು. ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

"ನಡೆಸಿದ್ದು ಯಾರು?"

"ನಾನರಿ."

"ಸಾಂತಾಕ್ರೂಜಿಂದ?"

"ಹೌದ್ರಿ. ನೀವ ಹೇಳಿದ್ರಲ್ಲ, ಲಾರೀಲೆ ತಂದ್ರ ಬ್ಯಾಡ ಅಂತ."

ಅವರು ಒಳಗೆ ತಿರುಗಿ ಚಹಾ ತರಲು ಹೇಳಿದರು. ಅವರ ಟಾಂಗಾ ಹೊಡೆಯುವ ಐತ ಬಂದ. ಗಟ್ಟಿ ಆಳು, ದನಿ ಮಾತ್ರ ಮೆತ್ತಗೆ. ಖಾಲಿ ಟಾಂಗಾಕ್ಕೆ ನೂರಿಯನ್ನು ಕಟ್ಟಿದ. ಗಾಡಿಯ ಮೂಕಿಮರ ಪಕ್ಕೆಗೆ ತಾಗಿದಾಗ ನಡುಗಿದಳು. ನಾನು ಎಡಗಡೆ ನಿಂತು ಜೊತೆಗೆ ನಡೆದೆ, ಸ್ಟೇಷನ್ನಿಗೊಂದು ಸುತ್ತು. ಎರಡನೆಯ ಸುತ್ತಿನಲ್ಲಿ ನನ್ನ ಜಾಗದಲ್ಲಿ ಐತ ನಡೆದ. ಮೂರನೆಯದರಲ್ಲಿ ಅವನು ಗಾಡಿ ಹತ್ತಿದ, ನಾನು ಹೋಟೆಲಿನ ಮೆಟ್ಟಿಲ ಮೇಲೆ ನಿಂತಿದ್ದೆ.

"ಲಗಾಮು ಜಗ್ಗಬ್ಯಾಡ್ರಿ," ಎಂದೆ ಅವನಿಗೆ. "ನಿಂತರ ಕಾಯ್ರಿ. ನೋಡೂತನಕ ನೋಡ್ಲಿ. ಆಮ್ಯಾಲ ತಾನ ಹೋಗ್ತಾಳ."

"ಆಯ್ತಕ್ಕ," ಎಂದ ಐತ. "ನಾನು ಹೊಡೆಯುದಿಲ್ಲ. ನನ್ನ ಅಪ್ಪ ಕೋಣ ಓಡಿಸುವವ, ಅವನೂ ಹೊಡೀತಿರ್ಲಿಲ್ಲ."

ಅಷ್ಟು ಕೇಳಿದ ಮೇಲೆ ಹಗ್ಗ ಬಿಟ್ಟುಕೊಟ್ಟೆ. ಚಹಾ ಕುಡಿದೆ. ಬಹಳ ಸಕ್ಕರೆ ಹಾಕಿದ್ದರು.

ಸಂಜೆ ಮಲಗಿದ್ದ ನನ್ನನ್ನು ಹಸೀನಾ ಎಬ್ಬಿಸಿದ್ದು, ಎದ್ದು ಇವರಿಗೆ ದಾರಿಯ ಕಥೆಯೆಲ್ಲ ಹೇಳಿದ್ದು ನೆನಪಿದೆ. ಲಾರಿಯ ಮಾತು ಬಂದಾಗ ಇವರು ನನ್ನ ಕೈ ಹಿಡಿದುಕೊಂಡರು. ಕೊನೆಗೆ ಕೇಳಿದರು, "ಅದೆಲ್ಲ ಸರಿ, ಹೊಳ್ಳಿ ಹೆಂಗ ಬಂದಿ? ಚೆನ್ನಯಣ್ಣ ಯಾರನ್ನರ ಕಳಿಸಿದ್ರೇನು?"

"ಇಲ್ಲರಿ. ಲೋಕಲ್‌ನ್ಯಾಗ ಬಂದೆ. ಗದ್ದಲಿತ್ತು, ಮಲಾಡಿಗೆ ಜಾಗಾ ಸಿಕ್ತು."

ಇವರು ನನ್ನನ್ನೇ ನೋಡಿದರು. ಆಮೇಲೆ ನಗತೊಡಗಿದರು. ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡರು. ಯಾಕೆ ಎಂದರೆ ಹೇಳಲಿಲ್ಲ. ಗದ್ದಲದ ಗಾಡಿಯಲ್ಲಿ ನಗುವಂಥದ್ದೇನಿದೆಯೋ!

೧೫ ಜನವರಿ, ಬುಧವಾರ

ಬೆಳಕು ಹರಿಯುವಾಗ ಎಚ್ಚರವಾಗುತ್ತದೆ. ತಬೇಲಾ ಗುಡಿಸಿದೆ. ಉಳಿದ ಹುರುಳಿಯನ್ನು ಏನು ಮಾಡುವುದೋ ತಿಳಿಯದು.

೨೬ ಜನವರಿ, ಭಾನುವಾರ

ಹಸೀನಾಗೆ ರಜೆ. ಬೊರಿವಲಿಗೆ ಕರೆದುಕೊಂಡು ಹೋದೆ. ಸ್ಟೇಷನ್ನಿನ ಹೊರಗೆ ಧ್ವಜ, ಜನ, ಬ್ಯಾಂಡು, ಬಸ್ಸುಗಳ ಹೊಗೆ. ಗುಹೆಗೆ ಹೋಗುವವರ ಸಾಲು. ಸಾಲಿನ ಮುಂದೆ ನೂರಿ, ಹೊಸ ಲಗಾಮು, ಮೈ ತಿಕ್ಕಿ ತಿಕ್ಕಿ ಮಿಂಚುತ್ತಿತ್ತು. ಐತ ಪಕ್ಕದಲ್ಲಿ ಬೀಡಿ ಸೇದುತ್ತಿದ್ದ.

ಹಸೀನಾ ಓಡಲು ಹೊರಟಳು. ಅವಳ ಕೈ ಹಿಡಿದು ನಿಲ್ಲಿಸಿದೆ.

ಎರಡು ಮಾರು ಆಚೆ ಒಂದು ಲಾರಿ ಹಿಂದಕ್ಕೆ ಬರುತ್ತಾ ಗುರುಗುಟ್ಟುತ್ತಿತ್ತು. ನೂರಿ ಒಂದು ಹಿಂಗಾಲನ್ನು ಸಡಿಲ ಬಿಟ್ಟು, ಕೆಳದುಟಿ ಜೋಲುಬಿಟ್ಟು, ಅರ್ಧ ಕಣ್ಣು ಮುಚ್ಚಿ ನಿಂತಿದ್ದಳು.

"ಅಮ್ಮೀ, ಬುಲಾವ್ ನಾ ಅವಳನ್ನ!"

ಕರೆದರೆ ತಿರುಗಿ ನೋಡುತ್ತಿದ್ದಳು. ಗೊತ್ತಿತ್ತು.

"ನಿದ್ದಿ ಮಾಡಾಕತ್ತಾಳ," ಎಂದೆ. "ಮಾಡ್ಲಿ ಬಿಡು."